ನೋವಿಲ್ಲದೆ ಮುರಿದ ದವಡೆ ಹಲ್ಲು: ದಾವಣಗೆರೆಯ ಟೈಲರ್ ಅಕ್ಕನ ಪ್ರಕರಣ

ದಾವಣಗೆರೆಯ ನಮ್ಮ ಕ್ಲಿನಿಕ್ಕಿಗೆ ಬಂದ 36 ವರ್ಷದ ಹೆಣ್ಣುಮಗಳೊಬ್ಬರ ಪ್ರಕರಣ ಇದು. ಮನೆಯಲ್ಲೇ ಬ್ಲೌಸ್, ಚೂಡಿದಾರ ಹೊಲಿಯುತ್ತಾರೆ. ಗಿರಾಕಿಗಳು ಟೈಲರ್ ಅಕ್ಕ ಅನ್ನುತ್ತಾರೆ, ಇಲ್ಲೂ ಹಾಗೇ ಕರೆಯುತ್ತೇನೆ. ಅವರ ಒಪ್ಪಿಗೆ ಕೇಳಿ, ಗುರುತು ಸಿಗುವ ವಿವರ ಬಿಟ್ಟು ಬರೆಯುತ್ತಿದ್ದೇನೆ.

ಹುಳುಕು ತೆಗೆದು ತುಂಬುವ ಫಿಲ್ಲಿಂಗ್, ಒಳಗಿನ ಕೆಟ್ಟ ನರ ತೆಗೆದು ಬೇರಿನ ನಾಳ ತುಂಬುವ ರೂಟ್ ಕೆನಾಲ್, ಹಲ್ಲಿನ ಮೇಲೆ ತೊಡಿಸುವ ಕ್ಯಾಪ್, ಮಕ್ಕಳ ಹಲ್ಲಿನ ಗೆರೆ ಮುಚ್ಚುವ ಸೀಲೆಂಟ್. ಹಲ್ಲಿನ ಡಾಕ್ಟರು ದಿನಾ ಮಾಡುವ ಈ ಕೆಲಸಗಳೆಲ್ಲ ಈ ಒಂದೇ ಮನೆಯವರಿಗೆ ಬೇಕಾದವು. ಯಾವ ಹಲ್ಲಿಗೆ ಯಾವುದು ಅನ್ನುವುದನ್ನು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿ ತೀರ್ಮಾನ ಮಾಡಿದೆವು: ಗಟ್ಟಿ ಹಲ್ಲು ಇನ್ನೂ ಎಷ್ಟು ಉಳಿದಿದೆ? ನಮ್ಮ ಕಡೆ ಜನ ನೋವನ್ನು ನೋಡಿ ತೀರ್ಮಾನ ಮಾಡುತ್ತಾರೆ. ನೋವು ಬಂದರೆ ಓಡಿ ಬರುತ್ತಾರೆ, ನೋವು ಹೋದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅದರಿಂದ ಎಷ್ಟು ಹಲ್ಲು ಕಳೆದುಹೋಗುತ್ತಿವೆ ಅನ್ನುವುದನ್ನು ದಿನವೂ ನೋಡುತ್ತೇನೆ, ಅದಕ್ಕೇ ಇಷ್ಟು ವಿವರವಾಗಿ ಬರೆಯಬೇಕು ಅನ್ನಿಸಿತು.

ಬಂದಾಗ ಇದ್ದ ಸ್ಥಿತಿ

ಅವರ ಎಡಗಡೆ ಕೆಳದವಡೆಯ ಮೊದಲ ದೊಡ್ಡ ಹಲ್ಲಿಗೆ ಎರಡು ವರ್ಷದ ಹಿಂದೆ ಬೇರೆ ಕಡೆ ರೂಟ್ ಕೆನಾಲ್ ಆಗಿತ್ತು. ಆಗ ರಾತ್ರಿಯೆಲ್ಲ ನಿದ್ದೆ ಇಲ್ಲದಂಥ ನೋವಂತೆ. ಲವಂಗ ಇಟ್ಟಿದ್ದರು, ಪಕ್ಕದ ಮನೆಯವರು ಹೇಳಿದರೆಂದು ಕಡ್ಡಿಪುಡಿ ಒತ್ತಿದ್ದರು, ಮೆಡಿಕಲ್ ಶಾಪಿನ ಮಾತ್ರೆ ನುಂಗಿದ್ದರು. ರೂಟ್ ಕೆನಾಲ್ ಆದ ಮೇಲೆ ನೋವು ಪೂರ್ತಿ ಹೋಯಿತು. ಮೇಲೆ ತಾತ್ಕಾಲಿಕ ಸಿಮೆಂಟ್ ಹಾಕಿ, ಕ್ಯಾಪ್ ಹಾಕಿಸಲು ಬನ್ನಿ ಎಂದು ಅಲ್ಲಿಯ ಡಾಕ್ಟರು ಹೇಳಿ ಕಳಿಸಿದ್ದರು. ಇವರು ಹೋಗಲಿಲ್ಲ. ಮೊದಲು ಮದುವೆ ಸೀಸನ್ ಬಂತು, ಆಮೇಲೆ ಮಗನ ಸ್ಕೂಲ್ ಫೀಸು ಬಂತು. ನೋವಿಲ್ಲದ ಹಲ್ಲಿನ ಮೇಲೆ ದುಡ್ಡು ಸುರಿಯುವುದು ಯಾರಿಗೆ ಸುಲಭ?

ದೀಪಾವಳಿಯಲ್ಲಿ ಚಕ್ಕುಲಿ ಕಡಿದಾಗ ಕಟಕ್ ಅಂದಿತು. ನಾಲಿಗೆ ಕಡೆಯ ಗೋಡೆ ಒಡೆದು ಬಂತು. ಆಗಲೂ ನೋವಿಲ್ಲ, ಯಾಕೆಂದರೆ ಒಳಗಿನ ನರ ಆಗಲೇ ತೆಗೆದಾಗಿತ್ತು. ಮುರಿದ ಅಂಚು ನಾಲಿಗೆಗೆ ತಾಗಿ ಹುಣ್ಣಾದ ಮೇಲೆ ನಮ್ಮಲ್ಲಿಗೆ ಬಂದರು.

"ನೋವೇನೂ ಇಲ್ರಿ ಮೇಡಂ, ನಾಲಿಗೆಗೆ ಚುಚ್ತೈತಿ ಅಷ್ಟೇ. ಕಿತ್ತಾಕಿಬಿಡ್ರಿ."

ಜೊತೆಗೆ ಅವರ ಅತ್ತೆಯೂ ಬಂದಿದ್ದರು. ಅತ್ತೆ ಸರ್ಕಾರದ ದಂತ ಭಾಗ್ಯ ಯೋಜನೆಯಲ್ಲಿ ಹಲ್ಲಿನ ಪೂರ್ತಿ ಸೆಟ್ ಕಟ್ಟಿಸಿಕೊಂಡವರು. "ಒಂದ್ ಹೋದ್ರ ಏನಾತ್ರಿ, ಇನ್ನೂ ಬೇಕಾದಷ್ಟು ಅದಾವು" ಅಂದರು. ನಾನು ಅವರನ್ನೇ ಕೇಳಿದೆ, "ಅಮ್ಮ, ಕಟಕಲು ರೊಟ್ಟಿ ತಿಂತೀರಾ ಈಗ?" ಅವರು ತಲೆ ಅಲ್ಲಾಡಿಸಿದರು. ಸಾರಲ್ಲಿ ನೆನೆಸಿ ತಿನ್ನುತ್ತಾರಂತೆ. ಪೂರ್ತಿ ಸೆಟ್ ಕಟ್ಟಿಸಿಕೊಂಡವರ ಕಡಿಯುವ ಬಲ ಸ್ವಂತ ಹಲ್ಲಿದ್ದವರ ಬಲದ ಸುಮಾರು ಕಾಲು ಭಾಗಕ್ಕೆ ಇಳಿದುಬಿಡುತ್ತದೆ. ಸೆಟ್ ಒಳ್ಳೆಯದೇ, ಹಲ್ಲೇ ಇಲ್ಲದವರಿಗೆ ಅದು ದೊಡ್ಡ ಆಸರೆ. ಆದರೆ ಹಲ್ಲು ಉಳಿಸಿಕೊಳ್ಳಲು ದಾರಿ ಇರುವಾಗ ಅದನ್ನು ಸಮಾನ ಆಯ್ಕೆ ಅಂತ ನೋಡಬಾರದು.

ಬಾಯಿಯ ಉಳಿದ ಭಾಗ ನೋಡಿದಾಗ ಇನ್ನೂ ನಾಲ್ಕು ಸಂಗತಿ ಕಂಡವು. ಬಲಗಡೆ ಕೆಳಗೆ ಎರಡು ಹಲ್ಲಿನ ಸಂದಿಯಲ್ಲಿ ಹುಳುಕು. ಎಡಗಡೆ ಮೇಲಿನ ಎರಡು ಹಲ್ಲಲ್ಲಿ ವಸಡಿನ ಹತ್ತಿರ ಬೆಣೆಯಾಕಾರದ ಸವೆತ. ಮುಂದಿನ ಮೇಲಿನ ಹಲ್ಲೊಂದರ ಅಂಚಲ್ಲಿ ಸಣ್ಣ ಕಚ್ಚು. ಇದು ಅವರ ಕಸುಬಿನ ಗುರುತು. ದಾರವನ್ನು ಕತ್ತರಿಯಿಂದ ಕತ್ತರಿಸದೆ ಹಲ್ಲಿಂದ ಕಡಿದು ಕಡಿದು, ಅದೇ ಜಾಗದಲ್ಲಿ ದಾರ ಕೂರುವಷ್ಟು ಗೀರು ಬಿದ್ದಿತ್ತು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಳ್ಳುವ ಅಭ್ಯಾಸವೂ ಇತ್ತು. ನಾಲ್ಕನೆಯದು, ಮುಂದಿನ ಎಲ್ಲ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ. ತವರು ಜಗಳೂರು ತಾಲ್ಲೂಕು ಅಂದಾಗ ಕಾರಣ ಗೊತ್ತಾಯಿತು. ಫ್ಲೋರೈಡ್ ಜಾಸ್ತಿ ಇರುವ ನೀರು.

ಉಳಿಸಬೇಕೋ, ಕೀಳಬೇಕೋ

ಮುರಿದ ಹಲ್ಲಿನ ವಿಷಯದಲ್ಲಿ ಅವಸರ ಮಾಡಲಿಲ್ಲ. ಮೂರು ವಿಷಯ ಖಚಿತ ಆಗಬೇಕಿತ್ತು.

ಮೊದಲನೆಯದು, ಬೇರು ಸೀಳಿದೆಯಾ? ಇದನ್ನು ತಿಳಿಯಲು ಮಿಲಿಮೀಟರ್ ಗುರುತು ಹಾಕಿದ ಸಪೂರ ಕಡ್ಡಿಯೊಂದು ಸಾಕು. ಅದನ್ನು ವಸಡು ಮತ್ತು ಹಲ್ಲಿನ ನಡುವೆ ಸುತ್ತಲೂ ಮೆಲ್ಲಗೆ ಇಳಿಸುತ್ತಾ ಹೋಗುತ್ತೇವೆ. ಆರೋಗ್ಯದ ವಸಡಲ್ಲಿ 2-3 ಮಿ.ಮೀ. ಇಳಿದು ನಿಲ್ಲುತ್ತದೆ. ಬೇರು ಉದ್ದಕ್ಕೆ ಸೀಳಿದ್ದರೆ ಸುತ್ತ ಎಲ್ಲ ಸರಿ ಇದ್ದು, ಒಂದೇ ಒಂದು ಜಾಗದಲ್ಲಿ ಕಡ್ಡಿ ಸರಕ್ಕನೆ ಆಳಕ್ಕೆ ಹೋಗುತ್ತದೆ. ಹಾಗಾದರೆ ಎಷ್ಟು ಖರ್ಚು ಮಾಡಿದರೂ ಆ ಹಲ್ಲು ಉಳಿಯುವುದಿಲ್ಲ, ಕೀಳುವುದೇ ಸರಿ. ಟೈಲರ್ ಅಕ್ಕನ ಹಲ್ಲಲ್ಲಿ ಎಲ್ಲ ಕಡೆ 3 ಮಿ.ಮೀ. ಒಳಗೇ ನಿಂತಿತು. ನನಗೆ ದೊಡ್ಡ ಸಮಾಧಾನ ಆಯಿತು.

ಎರಡನೆಯದು, ಬೇರಿನ ತುದಿ ಹೇಗಿದೆ? ಎಕ್ಸ್‌ರೇಯಲ್ಲಿ ಹಿಂದಿನ ಬೇರಿನ ತುದಿಗೆ ಸಣ್ಣ ಕಪ್ಪು ನೆರಳಿತ್ತು. ಸೋಂಕು ಮತ್ತೆ ಶುರುವಾಗಿದೆ ಅಂತ ಅರ್ಥ. ಇದು ಅಚ್ಚರಿಯ ವಿಷಯ ಅಲ್ಲ. ತಾತ್ಕಾಲಿಕ ಸಿಮೆಂಟ್ ಇರುವುದು ಕೆಲವು ವಾರಕ್ಕೆ. ಅದು ಸವೆದು ಬಿರುಕು ಬಿಟ್ಟರೆ ಎಂಜಲು, ಅದರ ಜೊತೆ ಬ್ಯಾಕ್ಟೀರಿಯಾ ಬೇರಿನ ನಾಳಕ್ಕೆ ಇಳಿಯುತ್ತವೆ. ನರ ಇಲ್ಲದ್ದರಿಂದ ಬಿಸಿ, ತಣ್ಣಗೆ ಯಾವುದೂ ಗೊತ್ತಾಗುವುದಿಲ್ಲ.

ಮೂರನೆಯದೇ ಮುಖ್ಯ. ಕ್ಯಾಪ್ ಹಿಡಿದು ನಿಲ್ಲಲು ಬೇಕಾದಷ್ಟು ಹಲ್ಲು ಮೇಲೆ ಇದೆಯಾ? ಕ್ಯಾಪಿನ ಅಂಚು ಸಿಮೆಂಟಿನ ಮೇಲೆ ಕೂತರೆ ಸಾಲದು. ಸುತ್ತಲೂ ಕನಿಷ್ಠ 1.5ರಿಂದ 2 ಮಿ.ಮೀ. ಎತ್ತರದ ಸ್ವಂತ ಹಲ್ಲನ್ನು ಅದು ಅಪ್ಪಿ ಹಿಡಿಯಬೇಕು. ಇಲ್ಲದಿದ್ದರೆ ಕಡಿಯುವ ಒತ್ತಡಕ್ಕೆ ಕ್ಯಾಪ್ ಕಿತ್ತು ಬರುತ್ತದೆ, ಇಲ್ಲವೇ ಬೇರನ್ನೇ ಸೀಳುತ್ತದೆ. ಕೆನ್ನೆ ಕಡೆ ಹಲ್ಲು ಸಾಕಷ್ಟಿತ್ತು. ನಾಲಿಗೆ ಕಡೆ ವಸಡಿನ ಮಟ್ಟಕ್ಕೆ ಮುರಿದಿತ್ತು. ಇದನ್ನು ಹೇಗೆ ವಿವರಿಸುವುದು ಅಂತ ಯೋಚಿಸುವಷ್ಟರಲ್ಲಿ ಅವರೇ ಹೇಳಿದರು: "ತೇಪೆ ಹಚ್ಚಬೇಕಂದ್ರ ಸುತ್ತ ಗಟ್ಟಿ ಬಟ್ಟಿ ಬೇಕಲ್ರಿ, ಹಂಗ ಅಲ್ರಿ ಇದು?" ಹೌದು, ಹಾಗೇ.

ಕಿತ್ತರೆ ಏನಾಗುತ್ತದೆ ಅನ್ನುವುದನ್ನೂ ಮುಚ್ಚಿಡದೆ ಹೇಳಿದೆ. ಖಾಲಿ ಜಾಗಕ್ಕೆ ಹಿಂದಿನ ಹಲ್ಲು ವಾಲುತ್ತದೆ. ಎದುರಿನ ಮೇಲಿನ ಹಲ್ಲಿಗೆ ಜೋಡಿ ಇಲ್ಲದೆ ಅದು ಕೆಳಗೆ ಇಳಿಯುತ್ತದೆ. ಜಾಗ ತುಂಬಲು ಬ್ರಿಡ್ಜ್, ಅಂದರೆ ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕಟ್ಟಿದ ಹಲ್ಲು, ಹಾಕಿಸಿದರೆ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲನ್ನು ಅರೆಯಬೇಕು. ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟ್ ಆದರೆ ಪಕ್ಕದ ಹಲ್ಲು ಮುಟ್ಟುವುದಿಲ್ಲ, ಆದರೆ ಖರ್ಚು ಜಾಸ್ತಿ, ತಿಂಗಳುಗಟ್ಟಲೆ ಸಮಯ ಬೇಕು. ರೂಟ್ ಕೆನಾಲ್ ಆದ ಹಲ್ಲಿಗೆ ಕ್ಯಾಪ್ ಹಾಕಿಸದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕ್ಯಾಪ್ ಇಲ್ಲದ ಹಲ್ಲುಗಳು ಕ್ಯಾಪ್ ಇದ್ದವುಗಳಿಗಿಂತ ಆರು ಪಟ್ಟು ಹೆಚ್ಚಿನ ದರದಲ್ಲಿ ಕಳೆದುಹೋಗಿದ್ದವು. ಹುಳುಕು ಮತ್ತು ರೂಟ್ ಕೆನಾಲ್ ಎರಡೂ ಸೇರಿ ಹಲ್ಲಿನ ನಡುಭಾಗವನ್ನು ಖಾಲಿ ಮಾಡಿರುತ್ತವೆ, ಉಳಿದ ಗೋಡೆಗಳು ತೆಳ್ಳಗಾಗಿರುತ್ತವೆ. ಒಡೆಯುವುದು ಅದಕ್ಕೆ.

ಖರ್ಚಿನ ಮಾತು ಬಂತು. ದಾವಣಗೆರೆಯಲ್ಲಿ ಎರಡು ದಂತ ಕಾಲೇಜು ಇರುವುದು ಈ ಸುತ್ತಿನ ಜನರ ಪುಣ್ಯ. ಅಲ್ಲಿ ಅಧ್ಯಾಪಕರ ಉಸ್ತುವಾರಿಯಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ. ಓಡಾಟ ಜಾಸ್ತಿ, ಸಮಯ ಹಿಡಿಯುತ್ತದೆ, ಆದರೆ ಖಾಸಗಿ ಕ್ಲಿನಿಕ್ಕಿಗಿಂತ ತುಂಬ ಕಡಿಮೆಯಲ್ಲಿ ಆಗುತ್ತದೆ. ದುಡ್ಡಿಲ್ಲ ಎಂದು ಹಲ್ಲು ಕೀಳಿಸಿಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಟೈಲರ್ ಅಕ್ಕ ಮನೆಯಲ್ಲಿ ಮಾತಾಡಿಕೊಂಡು ಬಂದು, ಇಲ್ಲೇ ಮಾಡಿಸುತ್ತೇನೆ, ಕಂತಿನಲ್ಲಿ ಕೊಡುತ್ತೇನೆ ಅಂದರು. ಒಪ್ಪಿಕೊಂಡೆವು.

ಮುರಿದ ಹಲ್ಲಿಗೆ ಮಾಡಿದ್ದು

ಮೊದಲು ಹಳೆಯ ರೂಟ್ ಕೆನಾಲ್ ಬಿಚ್ಚಿದೆವು. ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಹಾಕಿದೆವು. ಇದು ಹಲ್ಲಿಗೆ ಬಿಗಿಯಾಗಿ ಕೂರುವ ತೆಳು ರಬ್ಬರ್ ಹಾಳೆ. ಎಂಜಲು ಒಳಗೆ ಬರುವುದಿಲ್ಲ, ನಮ್ಮ ಔಷಧಿ ಬಾಯಿಗೆ ಹೋಗುವುದಿಲ್ಲ. ಕೆಳದವಡೆಯ ಈ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ನಾಳ. ಕೆಲವರಿಗೆ ನಾಲ್ಕನೆಯದೂ ಇರುತ್ತದೆ. ಇವರಿಗೆ ಇತ್ತು, ಹಿಂದಿನ ಬೇರಿನಲ್ಲಿ, ತೆಳ್ಳಗೆ, ಯಾರೂ ಮುಟ್ಟದೆ ಹಾಗೇ ಉಳಿದಿತ್ತು. ಎಕ್ಸ್‌ರೇಯಲ್ಲಿ ನೆರಳು ಕಂಡದ್ದೂ ಅದೇ ಬೇರಿನ ತುದಿಗೆ. ನಾಳದಲ್ಲಿ ತುಂಬಿದ್ದ ಹಳೆಯ ಗಟ್ಟಾಪರ್ಚಾ (ರಬ್ಬರಿನಂಥ ವಸ್ತು) ತೆಗೆದು, ನಾಲ್ಕೂ ನಾಳವನ್ನು ಕ್ರಿಮಿ ಕೊಲ್ಲುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ಚೆನ್ನಾಗಿ ತೊಳೆದು, ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ಇಟ್ಟು ಮುಚ್ಚಿದೆವು. ಮುಂದಿನ ಭೇಟಿಯಲ್ಲಿ ನಾಳಗಳು ಒಣಗಿ ಶುಚಿಯಾಗಿದ್ದವು. ಹೊಸದಾಗಿ ತುಂಬಿ, ತಕ್ಷಣವೇ ಮೇಲೆ ಗಟ್ಟಿ ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳ) ಕಟ್ಟಿದೆವು. ಈ ಸಲ ತಾತ್ಕಾಲಿಕ ಸಿಮೆಂಟಿನ ಮೇಲೆ ಬಿಡಲಿಲ್ಲ.

ನಾಲಿಗೆ ಕಡೆ ಹಲ್ಲಿನ ಎತ್ತರ ಸಾಲದಲ್ಲ, ಅದಕ್ಕೆ ವಸಡನ್ನು ಮತ್ತು ಅದರ ಕೆಳಗಿನ ಮೂಳೆಯ ಅಂಚನ್ನು ಸ್ವಲ್ಪ ಇಳಿಸಿ ಹಲ್ಲನ್ನು ಹೊರಗೆ ತೋರಿಸಬೇಕಿತ್ತು. ಮೂಳೆಯ ಅಂಚಿಗೂ ಕ್ಯಾಪಿನ ಅಂಚಿಗೂ ನಡುವೆ ಸುಮಾರು 3 ಮಿ.ಮೀ. ಜಾಗ ಬಿಡದಿದ್ದರೆ ವಸಡು ಯಾವಾಗಲೂ ಕೆಂಪಗೆ ಊದಿಕೊಂಡೇ ಇರುತ್ತದೆ. ಇಂಜೆಕ್ಷನ್ ಕೊಟ್ಟು ಮಾಡುವ ಚಿಕ್ಕ ಆಪರೇಷನ್ ಅದು. ವಸಡು ಮಾಯಲು ಕೆಲವು ವಾರ ಬಿಟ್ಟೆವು.

ಆಮೇಲೆ ಕ್ಯಾಪ್. ಎರಡು ಆಯ್ಕೆ ಮುಂದಿಟ್ಟೆ. ಲೋಹದ ಮೇಲೆ ಪಿಂಗಾಣಿ ಕೂರಿಸಿದ್ದು ಅಗ್ಗ, ಆದರೆ ಎರಡು ಪದರ ಕೂರಬೇಕಾದ್ದರಿಂದ ಹಲ್ಲು ಜಾಸ್ತಿ ಅರೆಯಬೇಕು. ಪೂರ್ತಿ ಜಿರ್ಕೋನಿಯಾ, ಅಂದರೆ ಪಿಂಗಾಣಿಯಂಥ ಬಲು ಗಟ್ಟಿ ವಸ್ತು, ಆದರೆ ಅರೆಯುವುದು ಕಡಿಮೆ ಸಾಕು, ಬೆಲೆ ಜಾಸ್ತಿ. ಪೂರ್ತಿ ಲೋಹದ ಕ್ಯಾಪ್ ಹಿಂದಿನ ಹಲ್ಲಿಗೆ ಬಹಳ ಒಳ್ಳೆಯದು, ಆದರೆ "ನಕ್ಕ್ರ ಕಾಣತೈತಿ" ಎಂದು ಅವರು ಮೊದಲೇ ಬೇಡ ಅಂದಿದ್ದರು. ಈ ಹಲ್ಲಲ್ಲಿ ಉಳಿದದ್ದೇ ಕಡಿಮೆ, ಇನ್ನಷ್ಟು ಅರೆಯಲು ನನಗೆ ಮನಸ್ಸಿರಲಿಲ್ಲ. ಜಿರ್ಕೋನಿಯಾ ಹಾಕಿದೆವು. ಅಂಟಿಸಿದ ಮೇಲೆ ನೀಲಿ ಕಾಗದ ಕಡಿಸಿ, ಎಲ್ಲಿ ಜಾಸ್ತಿ ಗುರುತು ಬಿತ್ತೋ ಅಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ ಸರಿಮಾಡಿದೆವು. ಈ ಕೊನೆಯ ಕೆಲಸಕ್ಕೆ ಸಮಯ ಕೊಡದಿದ್ದರೆ ಹೊಸ ಕ್ಯಾಪ್ ಕಡಿದಾಗಲೆಲ್ಲ ಮೊದಲು ತಾಗಿ ನೋವು ತರುತ್ತದೆ.

ಉಳಿದ ಹಲ್ಲುಗಳು

ಬಲಗಡೆ ಸಂದಿಯ ಹುಳುಕು ಎಕ್ಸ್‌ರೇಯಲ್ಲಿ ದಂತಕವಚ (ಹಲ್ಲಿನ ಹೊರಗಿನ ಗಟ್ಟಿ ಪದರ) ದಾಟಿತ್ತು, ನರ ಮುಟ್ಟಿರಲಿಲ್ಲ. ಆದರೆ ಫಿಲ್ಲಿಂಗ್ ಸಾಕಾ, ರೂಟ್ ಕೆನಾಲ್ ಬೇಕಾ ಅನ್ನುವುದನ್ನು ಎಕ್ಸ್‌ರೇ ಒಂದೇ ಹೇಳುವುದಿಲ್ಲ. ತಣ್ಣನೆಯದನ್ನು ಮುಟ್ಟಿಸಿ ನೋಡಿದೆವು. ಝುಮ್ ಅಂದಿತು, ತೆಗೆದ ತಕ್ಷಣ ಹೋಯಿತು. ಹಾಗಿದ್ದರೆ ನರ ಇನ್ನೂ ಸುಧಾರಿಸಿಕೊಳ್ಳುವ ಸ್ಥಿತಿಯಲ್ಲಿದೆ. ತಣ್ಣನೆಯದನ್ನು ತೆಗೆದ ಮೇಲೂ ನೋವು ಎಳೆಯುತ್ತಾ ಉಳಿದರೆ, ಇಲ್ಲವೇ ರಾತ್ರಿ ತಾನಾಗೇ ಎದ್ದು ನೋಯತೊಡಗಿದರೆ ಫಿಲ್ಲಿಂಗಿನ ಕಾಲ ಮುಗಿಯಿತು. ಎಡಗಡೆಯ ಹಲ್ಲೂ ಒಂದು ಕಾಲಕ್ಕೆ ಇದೇ ಹಂತದಲ್ಲಿತ್ತು, ಆಗ ಬಂದಿದ್ದರೆ ಒಂದೇ ಭೇಟಿಯಲ್ಲಿ ಮುಗಿಯುತ್ತಿತ್ತು ಅಂತ ಹೇಳಿದಾಗ ಅವರು ಸುಮ್ಮನಾದರು. ಹುಳುಕು ತೆಗೆದು ಕಾಂಪೋಸಿಟ್ ತುಂಬಿದೆವು.

ವಸಡಿನ ಹತ್ತಿರದ ಸವೆತಕ್ಕೆ ಕಾರಣ ಬ್ರಷ್. ಗಟ್ಟಿ ಕೂದಲಿನ ಬ್ರಷ್, ಅಡ್ಡಡ್ಡ ಉಜ್ಜುವುದು. ಅಲ್ಲಿಗೆ ಗ್ಲಾಸ್ ಅಯಾನಮರ್ ಹಾಕಿದೆವು. ಇದು 1970ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನಲ್ಲಿ ವಿಲ್ಸನ್ ಮತ್ತು ಕೆಂಟ್ ಪರಿಚಯಿಸಿದ ಸಿಮೆಂಟ್. ಹಲ್ಲಿಗೆ ತಾನಾಗೇ ಅಂಟುತ್ತದೆ, ಸ್ವಲ್ಪ ಸ್ವಲ್ಪ ಫ್ಲೋರೈಡ್ ಬಿಡುತ್ತಾ ಇರುತ್ತದೆ. ಮೆತ್ತನೆ ಬ್ರಷ್ ಕೊಟ್ಟು, ವಸಡಿನ ಕಡೆಯಿಂದ ಹಲ್ಲಿನ ತುದಿಯ ಕಡೆಗೆ ಉಜ್ಜುವುದನ್ನು ಕನ್ನಡಿ ಮುಂದೆ ನಿಲ್ಲಿಸಿ ತೋರಿಸಿದೆವು.

ಮುಂದಿನ ಹಲ್ಲಿನ ಕಚ್ಚಿಗೂ ಕಾಂಪೋಸಿಟ್ಟೇ. ಇಲ್ಲಿ ಜಗಳೂರಿನ ನೀರು ಅಡ್ಡ ಬಂತು. ಕಾಂಪೋಸಿಟ್ ಅಂಟಬೇಕಾದರೆ ಮೊದಲು ಹಲ್ಲಿನ ಮೇಲ್ಮೈಗೆ ಫಾಸ್ಫಾರಿಕ್ ಆಸಿಡ್ ಹಚ್ಚಿ ಒರಟು ಮಾಡಬೇಕು. ಈ ದಾರಿ ಕಂಡುಕೊಂಡದ್ದು ಅಮೆರಿಕದ ಮೈಕಲ್ ಬ್ಯೂನೊಕೋರ್, 1955ರಲ್ಲಿ. ಫ್ಲೋರೈಡ್ ತುಂಬಿಕೊಂಡ ದಂತಕವಚ ಆಸಿಡ್ಡಿಗೆ ಬೇಗ ಬಗ್ಗುವುದಿಲ್ಲ. ಹಾಗಾಗಿ ಮಾಮೂಲಿಗಿಂತ ಜಾಸ್ತಿ ಹೊತ್ತು ಆಸಿಡ್ ಬಿಟ್ಟು, ಮೇಲ್ಪದರವನ್ನು ತುಸು ಒರಟು ಮಾಡಿ ಅಂಟಿಸಿದೆವು. ಈ ಸೀಮೆಯಲ್ಲಿ ಕೆಲಸ ಮಾಡುವ ಹಲ್ಲಿನ ಡಾಕ್ಟರು ಇದನ್ನು ನೆನಪಿಡಲೇಬೇಕು, ಇಲ್ಲದಿದ್ದರೆ ಫಿಲ್ಲಿಂಗ್ ಬೇಗ ಕಿತ್ತು ಬರುತ್ತದೆ. ದಾರ ಕಡಿಯಲು ಮೆಷಿನ್ನಿಗೇ ಒಂದು ಚಿಕ್ಕ ಕತ್ತರಿ ಕಟ್ಟಿಕೊಳ್ಳಿ ಅಂದೆ. ಕಟ್ಟಿಕೊಂಡಿದ್ದಾರೆ.

ಕಂದು ಪಟ್ಟೆಗೆ ಏನಾದರೂ ಮಾಡಬಹುದಾ ಎಂದು ಕೇಳಿದರು. ಮೇಲಿನ ತೆಳು ಪದರ ಉಜ್ಜಿ ಬಣ್ಣ ತಿಳಿ ಮಾಡಬಹುದು, ಕಾಂಪೋಸಿಟ್ಟಿನ ತೆಳು ಹೊದಿಕೆ ಕೊಡಬಹುದು. ಆದರೆ ಅದು ಅಂದದ ಕೆಲಸ, ಹಲ್ಲು ಗಟ್ಟಿಯಾಗಿಯೇ ಇದೆ. ದುಡ್ಡು ಮೊದಲು ದವಡೆ ಹಲ್ಲಿಗೆ ಹೋಗಲಿ ಎಂದು ಹೇಳಿದೆ, ಅವರಿಗೂ ಅದೇ ಸರಿ ಕಂಡಿತು.

ಮಗನ ಹಲ್ಲು

ಮೂರನೆಯ ಭೇಟಿಗೆ ಏಳು ವರ್ಷದ ಮಗನೂ ಬಂದ. ಅವನನ್ನು ಕುರ್ಚಿ ಹತ್ತಿಸಿ ನೋಡಿದರೆ, ನಾಲ್ಕು ಹೊಸ ದವಡೆ ಹಲ್ಲಲ್ಲಿ ಒಂದರ ಗೆರೆಯಲ್ಲಿ ಆಗಲೇ ಹುಳುಕು ಶುರುವಾಗಿತ್ತು. "ಹಾಲುಹಲ್ಲಲ್ರಿ ಮೇಡಂ, ಬಿದ್ದು ಹೊಸಾದು ಬರತೈತಿ" ಅಂದರು ತಾಯಿ. ಈ ತಪ್ಪು ತಿಳಿವಳಿಕೆ ಎಷ್ಟು ಮನೆಗಳಲ್ಲಿದೆ! ಆರನೇ ವಯಸ್ಸಿನ ಆಸುಪಾಸಿನಲ್ಲಿ ಹಾಲುಹಲ್ಲಿನ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಮೆಲ್ಲಗೆ ಬರುವ ಈ ನಾಲ್ಕು ಹಲ್ಲು ಕೊನೆತನಕ ಇರಬೇಕಾದವು. ತಾಯಿ ಎಡಗಡೆ ಮುರಿದುಕೊಂಡದ್ದೂ ಇದೇ ಹಲ್ಲು.

ಅವನ ಮೂರು ಹಲ್ಲಿಗೆ ಸೀಲೆಂಟ್ ಹಾಕಿದೆವು. ಜಗಿಯುವ ಮೇಲ್ಮೈಯ ಗೆರೆಗಳು ಬ್ರಷ್ ಕೂದಲು ಇಳಿಯದಷ್ಟು ಸಪೂರ, ಅಲ್ಲಿಗೆ ದ್ರವದಂಥ ರಾಳ ಹರಿಸಿ ನೀಲಿ ಬೆಳಕಿನಲ್ಲಿ ಗಟ್ಟಿ ಮಾಡುತ್ತೇವೆ. ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ. ಮೊದಲ ಎರಡು ವರ್ಷ ದವಡೆ ಹಲ್ಲಿನ ಹುಳುಕನ್ನು ಸುಮಾರು ಶೇ 80ರಷ್ಟು ಇದು ತಡೆಯುತ್ತದೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ನಾಲ್ಕನೆಯದಕ್ಕೆ ಚಿಕ್ಕ ಫಿಲ್ಲಿಂಗ್ ಹಾಕಿ, ಎಲ್ಲದಕ್ಕೂ ಫ್ಲೋರೈಡ್ ವಾರ್ನಿಶ್ ಹಚ್ಚಿದೆವು.

ಫ್ಲೋರೈಡ್ ಅಂದ ಕೂಡಲೇ ತಾಯಿ ತಡೆದರು. "ಅದರಿಂದ್ಲೇ ನನ್ನ ಹಲ್ಲು ಹಿಂಗಾಗಿದ್ದು. ಮತ್ತ ಇವನಿಗೆ ಯಾಕ್ರಿ?" ನ್ಯಾಯವಾದ ಪ್ರಶ್ನೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ, ಅಂದರೆ ಸುಮಾರು ಎಂಟು ವರ್ಷದ ತನಕ, ಫ್ಲೋರೈಡ್ ಜಾಸ್ತಿ ಇರುವ ನೀರನ್ನು ದಿನಾ ಕುಡಿದರೆ ಪಟ್ಟೆ ಬೀಳುತ್ತದೆ. ನೀರಲ್ಲಿ ಲೀಟರಿಗೆ 1.5 ಮಿ.ಗ್ರಾಂ. ದಾಟಬಾರದು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಎಷ್ಟೋ ಬೋರ್‌ವೆಲ್‌ಗಳು ಅದನ್ನು ದಾಟುತ್ತವೆ. ಹಲ್ಲಿನ ಮೇಲೆ ಹಚ್ಚಿದ ಫ್ಲೋರೈಡಿನ ಕೆಲಸ ಬೇರೆ. ತಿಂದ ಸಿಹಿಯಿಂದ ಬಾಯಲ್ಲಿ ಆಮ್ಲ ಹುಟ್ಟಿ, ಪಿಎಚ್ (ಆಮ್ಲದ ಅಳತೆ, ಇದು ಇಳಿದಷ್ಟೂ ಆಮ್ಲ ಜಾಸ್ತಿ) 5.5ಕ್ಕಿಂತ ಕೆಳಗಿಳಿದಾಗ ದಂತಕವಚದ ಖನಿಜ ಕರಗುತ್ತದೆ. ಮೇಲೆ ಹಚ್ಚಿದ ಫ್ಲೋರೈಡ್ ಆ ಖನಿಜ ವಾಪಸ್ ಕೂರಲು ನೆರವಾಗುತ್ತದೆ. ಬಟಾಣಿ ಕಾಳಿನಷ್ಟು ಪೇಸ್ಟ್ ಹಾಕಿ, ಉಜ್ಜಿ, ಉಗಿಯಬೇಕು, ನುಂಗಬಾರದು. ದಾವಣಗೆರೆ ನಗರಕ್ಕೆ ಬರುವುದು ನದಿ, ನಾಲೆಯ ನೀರು, ಆ ಚಿಂತೆ ಇಲ್ಲ. ರಜೆಗೆ ಅಜ್ಜಿ ಮನೆಗೆ ಹೋದಾಗ ಮಾತ್ರ ಶುದ್ಧ ನೀರಿನ ಘಟಕದ ಕ್ಯಾನ್ ನೀರೇ ಕುಡಿಸಿ ಅಂದೆ. ಕಾಯಿಸಿ ಕುಡಿಸುತ್ತೇನೆ ಅಂದರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಇದು ಅವರ ತವರಿನವರಿಗೂ ಗೊತ್ತಿರಲಿಲ್ಲ.

ಹುಡುಗ ಸ್ಕೂಲಿಂದ ಬಂದು ಮಲಗುವ ತನಕ ಸ್ವಲ್ಪ ಸ್ವಲ್ಪವೇ ಬಿಸ್ಕತ್ತು ತಿನ್ನುತ್ತಾ ಇರುತ್ತಾನಂತೆ. ಒಂದೇ ಸಲ ತಿಂದು ಮುಗಿಸಿದರೆ ಎಂಜಲು ಆಮ್ಲವನ್ನು ತಗ್ಗಿಸಿ ಹಲ್ಲನ್ನು ಕಾಪಾಡುತ್ತದೆ. ಬಾಯಾಡಿಸುತ್ತಲೇ ಇದ್ದರೆ ಅದಕ್ಕೆ ಸಮಯವೇ ಸಿಗುವುದಿಲ್ಲ. ಸಂಜೆ ಟೀ ಹೊತ್ತಿಗೆ ಒಂದು ಸಲ, ಆಮೇಲೆ ಊಟ, ಮಲಗುವ ಮೊದಲು ಬ್ರಷ್. ಇಷ್ಟಕ್ಕೆ ಒಪ್ಪಂದ ಆಯಿತು.

ಒಂದು ವರ್ಷದ ನಂತರ

ಎಕ್ಸ್‌ರೇಯಲ್ಲಿ ಹಿಂದಿನ ಬೇರಿನ ನೆರಳು ಬಹುತೇಕ ಮುಚ್ಚಿದೆ, ಮೂಳೆ ತುಂಬಿಕೊಂಡಿದೆ. ಕ್ಯಾಪಿನ ಸುತ್ತ ವಸಡು ತಿಳಿ ಗುಲಾಬಿ. ಟೈಲರ್ ಅಕ್ಕ ಈಗ ಎರಡೂ ಕಡೆ ಜಗಿಯುತ್ತಾರೆ. ಮಗನ ಒಂದು ಸೀಲೆಂಟಿನ ಅಂಚು ಚಕ್ಕೆ ಎದ್ದಿತ್ತು, ಅಲ್ಲೇ ಮತ್ತೆ ಹಾಕಿ ಕಳಿಸಿದೆವು. ಸೀಲೆಂಟ್ ಅಂದರೆ ಆಗಾಗ ನೋಡಿಸಿಕೊಳ್ಳಬೇಕಾದದ್ದೇ. ವಸಡಿನ ಹತ್ತಿರದ ಎರಡು ಸಿಮೆಂಟಿನಲ್ಲಿ ಒಂದು ಅಂಚಲ್ಲಿ ಸವೆದಿದೆ, ಅದನ್ನು ಬದಲಿಸಬೇಕು. ಮದುವೆ ಬ್ಲೌಸುಗಳು ಮುಗಿದ ಮೇಲೆ ಬರುತ್ತೇನೆ ಎಂದು ದಿನ ಬರೆಸಿ ಹೋಗಿದ್ದಾರೆ. ಅದೇ ದಿನಕ್ಕೆ ತವರಿನ ಅಣ್ಣನ ಇಬ್ಬರು ಮಕ್ಕಳ ಹೆಸರನ್ನೂ ಬರೆಸಿದ್ದಾರೆ.